ಮೇಲ್ ಐಡಿ ನಿಮ್ಮದು, ಕೀಲಿ ಯಾರ ಹತ್ರ ಇದೆ?

ಈ ವಾರ ಗೊಬ್ಬರ, ಔಷಧಿ, ರೇಟು ಯಾವುದರ ಬಗ್ಗೆಯೂ ಬರೀತಿಲ್ಲ. ನಿಮ್ಮ ಜೇಬಲ್ಲಿರೋ ಫೋನಿನ ಒಂದು ಸಣ್ಣ ವಿಷಯ ಹೇಳ್ತೀನಿ. ಅದನ್ನ ಸಣ್ಣದು ಅಂದ್ಕೊಂಡು ನಾನು ಹೋದ ವರ್ಷ ದಾಳಿಂಬೆ ದುಡ್ಡು 1,36,000 ರೂಪಾಯಿ ಕಳ್ಕೊಳ್ಳೋದ್ರಲ್ಲಿದ್ದೆ.

ಮೊದಲು ಒಂದು ಪ್ರಶ್ನೆ. ನಿಮ್ಮ ಫೋನಲ್ಲಿ ಜಿಮೇಲ್ ಇದೆಯಲ್ಲ, ಅದನ್ನ ಮಾಡಿದ್ದು ಯಾರು? ನಮ್ಮೂರಲ್ಲಿ ಹತ್ತು ಜನರನ್ನ ಕೇಳಿದೆ. ಏಳು ಜನ, "ಮೊಬೈಲ್ ತಗೊಂಡಾಗ ಅಂಗಡಿ ಹುಡುಗ ಮಾಡ್ಕೊಟ್ಟ" ಅಂದ್ರು. ಪಾಸ್‌ವರ್ಡ್ ಏನು ಅಂದ್ರೆ ಗೊತ್ತಿಲ್ಲ. ನಂದೂ ಅದೇ ಕಥೆ. ಆವತ್ತು ನನ್ನ ಹೊಸ ಸಿಮ್ ಇನ್ನೂ ಚಾಲು ಆಗಿರಲಿಲ್ಲ. ಹುಡುಗ ತನ್ನ ನಂಬರ್ ಹಾಕಿ ಐಡಿ ಮಾಡಿ ಕೊಟ್ಟ. ಹೊಲ ನಮ್ಮದು, ಪಹಣಿ ಮಾತ್ರ ಬೇರೆಯವರ ಹೆಸರಲ್ಲಿ ಇದ್ದಂಗೆ.

ಆಗಿದ್ದೇನು?

ನಮ್ಮದು ಹಿರಿಯೂರು ತಾಲ್ಲೂಕು, ಎರಡು ಎಕರೆ ದಾಳಿಂಬೆ. ಬೆಂಗಳೂರಿನ ಒಬ್ಬ ಖರೀದಿದಾರರಿಗೆ ಹಣ್ಣು ಕಳಿಸ್ತೀನಿ. ಅವರು ಬಿಲ್ಲನ್ನ ಮೇಲ್‌ನಲ್ಲೇ ಕೇಳ್ತಾರೆ. ಸೋಲಾರ್ ಪಂಪ್‌ಸೆಟ್‌ಗೂ ಅರ್ಜಿ ಹಾಕಿದ್ದೆ, ಅಲ್ಲೂ ಇದೇ ಮೇಲ್ ಐಡಿ ಕೊಟ್ಟಿದ್ದೆ.

ಒಂದು ಮಂಗಳವಾರ ರಾತ್ರಿ ಹತ್ತು ಗಂಟೆಗೆ ಮೇಲ್ ಬಂತು. ಮೇಲೆ ಕುಸುಮ್ ಯೋಜನೆ ಹೆಸರು, ಸರ್ಕಾರದ ಲಾಂಛನ. "ನಿಮ್ಮ ಅರ್ಜಿ ಮಂಜೂರಾಗಿದೆ. 24 ಗಂಟೆಯೊಳಗೆ ಖಚಿತಪಡಿಸದಿದ್ದರೆ ರದ್ದಾಗುತ್ತದೆ" ಅಂತ ಇತ್ತು. ಆರು ತಿಂಗಳಿಂದ ಕಾಯ್ತಿದ್ದವನಿಗೆ ಇನ್ನೇನು ಬೇಕು? ಲಿಂಕ್ ಒತ್ತಿದೆ. ಗೂಗಲ್ ಥರದ್ದೇ ಪುಟ ಬಂತು, ಪಾಸ್‌ವರ್ಡ್ ಕೇಳ್ತು. ಫೋನ್ ಬಾಕ್ಸ್ ಮೇಲೆ ಹುಡುಗ ಬರೆದುಕೊಟ್ಟಿದ್ದನ್ನ ಹುಡುಕಿ ಹಾಕಿದೆ. ಪುಟ ಹಾಗೇ ಮಾಯ ಆಯ್ತು.

ಬೆಳಿಗ್ಗೆ ನೋಡಿದ್ರೆ ಫೋನಲ್ಲಿ ಜಿಮೇಲ್ ಮತ್ತೆ ಸೈನ್ ಇನ್ ಕೇಳ್ತಿದೆ. ನೆಟ್‌ವರ್ಕ್ ತೊಂದರೆ ಇರಬೇಕು ಅಂದ್ಕೊಂಡು ತೋಟಕ್ಕೆ ಹೋದೆ. ಗುರುವಾರ ಬೆಂಗಳೂರಿನವರ ಫೋನ್ ಬಂತು. "ಏನಣ್ಣಾ, ಬ್ಯಾಂಕ್ ಅಕೌಂಟ್ ಬದಲಾಯಿಸಿದ್ರಾ? ಹೊಸ ನಂಬರ್‌ಗೆ ಹಣ ಹಾಕಿ ಅಂತ ಮೇಲ್ ಕಳಿಸಿದ್ದೀರಿ. ಹಾಕೋ ಮುಂಚೆ ಒಂದು ಮಾತು ಕೇಳೋಣ ಅಂತ ಮಾಡಿದೆ."

ಎದೆ ಧಸಕ್ ಅಂತು. ನಾನು ಯಾವ ಮೇಲೂ ಕಳಿಸಿರಲಿಲ್ಲ. ನನ್ನ ಮೇಲ್ ಒಳಗೆ ಕೂತವನು ಹಳೇ ಬಿಲ್‌ಗಳನ್ನೆಲ್ಲ ಓದಿ, ಯಾರಿಂದ ಎಷ್ಟು ಬರಬೇಕು ಅಂತ ನೋಡಿಕೊಂಡು, ನನ್ನದೇ ಐಡಿಯಿಂದ ನನ್ನದೇ ಧಾಟಿಯಲ್ಲಿ ಬರೆದಿದ್ದ. ಆ ಪುಣ್ಯಾತ್ಮರು ಒಂದು ಫೋನ್ ಮಾಡದೇ ಇದ್ದಿದ್ರೆ ಒಂದು ಬೆಳೆಯ ದುಡ್ಡು ಹೋಗ್ತಿತ್ತು.

ಐಡಿ ವಾಪಸ್ ಪಡೆಯೋಕೆ ಹೋದ್ರೆ ಇನ್ನೊಂದು ಪೇಚು. ಕೋಡ್ ಹೋಗೋದು ಅಂಗಡಿ ಹುಡುಗನ ನಂಬರಿಗೆ! ಅವನು ಅಂಗಡಿ ಬಿಟ್ಟು ತುಮಕೂರಿಗೆ ಹೋಗಿದ್ದ. ಅವರ ಅಮ್ಮನ ಹತ್ರ ನಂಬರ್ ಇಸ್ಕೊಂಡು ಫೋನ್ ಮಾಡಿದೆ. ಅದೃಷ್ಟಕ್ಕೆ ಹಳೇ ಸಿಮ್ ಇನ್ನೂ ಇಟ್ಕೊಂಡಿದ್ದ, ಕೋಡ್ ಓದಿ ಹೇಳಿದ. ಯಾರಿಗೂ ಓಟಿಪಿ ಕೊಡಬೇಡಿ ಅನ್ನೋ ಕಾಲದಲ್ಲಿ, ನನ್ನದೇ ಐಡಿಗೆ ನಾನೇ ಇನ್ನೊಬ್ಬರ ಹತ್ರ ಓಟಿಪಿ ಬೇಡೋ ಹಾಗಾಯ್ತು.

ಮೇಲ್ ಯಾಕೆ ಅಷ್ಟು ಮುಖ್ಯ?

"ನಾನು ಮೇಲೇ ನೋಡಲ್ಲ, ನನಗೇನು?" ಅನ್ನೋರಿದ್ದಾರೆ. ಆಂಡ್ರಾಯ್ಡ್ ಫೋನಲ್ಲಿ ಪ್ಲೇ ಸ್ಟೋರ್, ಯೂಟ್ಯೂಬ್, ಬ್ಯಾಕಪ್ ಆದ ಫೋಟೋ, ಕಾಂಟ್ಯಾಕ್ಟ್ ನಂಬರ್ ಎಲ್ಲ ನಿಂತಿರೋದು ಅದೇ ಗೂಗಲ್ ಅಕೌಂಟ್ ಮೇಲೆ. ಆಧಾರ್, ಪಹಣಿ, ಪಾಸ್‌ಬುಕ್ ಫೋಟೋ ತೆಗೆದು ಇಟ್ಟಿರ್ತೀವಿ. ಬೇರೆ ಆ್ಯಪ್‌ಗಳ ಪಾಸ್‌ವರ್ಡ್ ಮರೆತಾಗ ಹೊಸದು ಮಾಡೋ ಲಿಂಕ್ ಬರೋದೂ ಇಲ್ಲಿಗೇ. ಮೇಲ್ ಹೋಯ್ತು ಅಂದ್ರೆ ಬೀಗದ ಕೈ ಗೊಂಚಲೇ ಹೋದಂಗೆ.

ಕೀಲಿ ನಿಮ್ಮ ಕೈಗೆ ತಗೊಳ್ಳಿ

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಅಂತ ಇರುತ್ತೆ. ಅದರೊಳಗೆ ನಿಮ್ಮ ಅಕೌಂಟ್ ತೆರೆದು ಸೆಕ್ಯುರಿಟಿಗೆ ಹೋಗಿ. ಅಲ್ಲಿ ನಾಲ್ಕು ಕೆಲಸ ಮಾಡಿ.

1. ರಿಕವರಿ ಫೋನ್ ನಂಬರ್ ನಿಮ್ಮದೇನಾ ನೋಡಿ. ಬೇರೆಯವರದ್ದಿದ್ರೆ ತೆಗೆದು ನಿಮ್ಮದು ಹಾಕಿ. ಸಿಮ್ ಬದಲಾಯಿಸಿದಾಗಲೂ ಇಲ್ಲಿ ಬದಲಾಯಿಸಬೇಕು.

2. ಪಾಸ್‌ವರ್ಡ್ ಹೊಸದು ಮಾಡಿ. ಮಗಳ ಹೆಸರು, ಹುಟ್ಟಿದ ಇಸವಿ, ಫೋನ್ ನಂಬರ್ ಬೇಡ. ನಿಮಗೆ ಮಾತ್ರ ನೆನಪಿರೋ ಮೂರು ನಾಲ್ಕು ಪದ ಸೇರಿಸಿ ಉದ್ದ ಮಾಡಿ. ಬೇರೆ ಕಡೆ ಅದನ್ನೇ ಹಾಕಬೇಡಿ.

3. ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ. ಆಗ ಪಾಸ್‌ವರ್ಡ್ ಕದ್ದವನಿಗೂ ಅಷ್ಟು ಸುಲಭಕ್ಕೆ ಬಾಗಿಲು ತೆರೆಯಲ್ಲ, ನಿಮ್ಮ ಫೋನಲ್ಲೂ ಒಪ್ಪಿಗೆ ಬೇಕು. ಆ ಒಪ್ಪಿಗೆ, ಆ ಕೋಡ್ ಯಾರಿಗೂ ಕೊಡಬಾರದು.

4. ಯುವರ್ ಡಿವೈಸಸ್ ಅನ್ನೋ ಕಡೆ ನಿಮ್ಮ ಐಡಿ ಎಲ್ಲೆಲ್ಲಿ ತೆರೆದಿದೆ ಅಂತ ಕಾಣುತ್ತೆ. ಗುರುತಿಲ್ಲದ್ದು, ಮಾರಿದ ಹಳೇ ಫೋನು, ಸೈಬರ್ ಸೆಂಟರ್ ಕಂಪ್ಯೂಟರ್ ಇದ್ರೆ ಸೈನ್ ಔಟ್ ಮಾಡಿ.

ಸುಳ್ಳು ಮೇಲ್ ಗುರುತಿಸೋದು ಹೇಗೆ?

ಹೆಸರು ನೋಡಿ ನಂಬಬೇಡಿ, ಹೆಸರು ಯಾರು ಬೇಕಾದ್ರೂ ಹಾಕ್ಕೋಬಹುದು. ಮೇಲ್ ತೆರೆದಾಗ ಕಳಿಸಿದವರ ಹೆಸರಿನ ಕೆಳಗೆ ಸಣ್ಣ ಬಾಣದ ಗುರುತಿದೆ, ಅದನ್ನ ಒತ್ತಿದ್ರೆ ಪೂರ್ತಿ ವಿಳಾಸ ಕಾಣುತ್ತೆ. ನನಗೆ ಬಂದಿದ್ದು ಸರ್ಕಾರದ ಹೆಸರಲ್ಲಿ, ವಿಳಾಸ ನೋಡಿದ್ರೆ ಸಾಮಾನ್ಯ ಜಿಮೇಲ್! ಸರ್ಕಾರಿ ವಿಳಾಸ ಸಾಮಾನ್ಯವಾಗಿ ಜಿಒವಿ ಡಾಟ್ ಇನ್ ಅಥವಾ ಎನ್‌ಐಸಿ ಡಾಟ್ ಇನ್ ಅಂತ ಮುಗಿಯುತ್ತೆ. ಮುಗಿಯಬೇಕು, ನೆನಪಿಡಿ. ನಡುವೆ ಜಿಒವಿ ಸೇರಿಸಿ ಕೊನೆಗೆ ಬೇರೇನೋ ಹಾಕೋ ಕಳ್ಳರಿದ್ದಾರೆ.

ಆಮೇಲೆ, ಅವಸರ ಮಾಡೋ ಮೇಲ್ ಅಂದ್ರೆ ಅನುಮಾನ ಪಡಿ. "ಇವತ್ತೇ ಕೊನೇ ದಿನ", "ಕಂತು ನಿಂತು ಹೋಗುತ್ತೆ", "ಶುಲ್ಕ ಕಟ್ಟಿ" ಅನ್ನೋದೆಲ್ಲ ಗಾಳ. ಕುಸುಮ್ ಹೆಸರಲ್ಲಿ ನಕಲಿ ವೆಬ್‌ಸೈಟ್‌ಗಳು ರೈತರಿಂದ ಹಣ ಕೀಳ್ತಿವೆ ಅಂತ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವೇ ಎಚ್ಚರಿಸಿದೆ. ಮೇಲ್‌ನಲ್ಲಿರೋ ಲಿಂಕ್ ಒತ್ತಬೇಡಿ, ಅದರಲ್ಲಿರೋ ನಂಬರಿಗೂ ಫೋನ್ ಮಾಡಬೇಡಿ. ಬೆಳಿಗ್ಗೆ ಎದ್ದು ಅರ್ಜಿ ಹಾಕಿದ ಕಚೇರಿಗೋ ರೈತ ಸಂಪರ್ಕ ಕೇಂದ್ರಕ್ಕೋ ಹೋಗಿ ಕೇಳಿ. ನಿಜವಾದ ಸಬ್ಸಿಡಿ ಒಂದು ರಾತ್ರಿಯಲ್ಲಿ ಓಡಿ ಹೋಗಲ್ಲ. ಎಪಿಕೆ ಫೈಲ್ ಇಳಿಸಿಕೊಳ್ಳಿ ಅಂದ್ರಂತೂ ಮುಟ್ಟಲೇಬೇಡಿ.

ಈಗಾಗಲೇ ಒತ್ತಿಬಿಟ್ಟಿದ್ರೆ?

ನಾಚಿಕೆ ಪಟ್ಕೊಂಡು ಸುಮ್ನೆ ಕೂರಬೇಡಿ. ನಾನು ಒಂದು ದಿನ ಹಾಳು ಮಾಡಿದ್ದೇ ತಪ್ಪು. ತಕ್ಷಣ ಪಾಸ್‌ವರ್ಡ್ ಬದಲಾಯಿಸಿ. ಆಗದಿದ್ರೆ ಗೂಗಲ್ ಅಕೌಂಟ್ ರಿಕವರಿ ಪುಟಕ್ಕೆ ಹೋಗಿ. ಕಳ್ಳ ರಿಕವರಿ ನಂಬರ್ ಬದಲಾಯಿಸಿದ್ರೂ ಹಳೇ ನಂಬರಿಗೆ ಕೋಡ್ ತರಿಸಿಕೊಳ್ಳೋಕೆ ಸಾಮಾನ್ಯವಾಗಿ 7 ದಿನ ಅವಕಾಶ ಇರುತ್ತೆ. ಐಡಿ ಸಿಕ್ಕಿದ ಮೇಲೆ ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್, ಫಾರ್ವರ್ಡಿಂಗ್ ಎರಡೂ ನೋಡಿ. ನನ್ನದರಲ್ಲಿ ಬೆಂಗಳೂರಿನವರ ಉತ್ತರ ನನಗೆ ಕಾಣದಂಗೆ ನೇರ ಕಸದ ಬುಟ್ಟಿಗೆ ಹೋಗೋ ಹಾಗೆ ಫಿಲ್ಟರ್ ಹಾಕಿದ್ದ! ನಿಮ್ಮ ಜೊತೆ ವ್ಯವಹಾರ ಇರೋರಿಗೆಲ್ಲ ಫೋನ್ ಮಾಡಿ ಹೇಳಿ. ಹಣ ಹೋಗಿದ್ರೆ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಯೋ ಸಾಧ್ಯತೆ ಜಾಸ್ತಿ.

ಈಗ ನಾನೂ ಬೆಂಗಳೂರಿನವರೂ ಒಂದು ಕರಾರು ಮಾಡ್ಕೊಂಡಿದ್ದೀವಿ. ಅಕೌಂಟ್ ನಂಬರ್ ಬದಲಾವಣೆ ಅಂತ ಯಾರ ಮೇಲ್ ಬಂದ್ರೂ, ಫೋನಲ್ಲಿ ದನಿ ಕೇಳೋವರೆಗೂ ಒಂದು ರೂಪಾಯಿ ಹಾಕೋ ಹಂಗಿಲ್ಲ. ನೀವೂ ನಿಮ್ಮ ಖರೀದಿದಾರರ ಜೊತೆ ಹಂಗೇ ಮಾತಾಡ್ಕೊಳ್ಳಿ.

ಇವತ್ತು ಸಂಜೆ ಹಾಲು ಹಾಕಿ ಬಂದ ಮೇಲೆ ಹತ್ತು ನಿಮಿಷ ಕೂತು ಆ ನಾಲ್ಕು ಕೆಲಸ ಮುಗಿಸಿ. ನಿಮ್ಮದಾದ ಮೇಲೆ ಅಪ್ಪನ ಫೋನೂ ತಗೊಳ್ಳಿ. ಅದರಲ್ಲಿರೋ ನಂಬರ್ ಯಾರದ್ದೋ ಏನೋ!