ಎರೆಭೂಮಿಯಲ್ಲಿ ಆಶ್ರಯದ ಮನೆ

ಬಡವನಿಗೆ ಮನೆ ಮಂಜೂರಾದರೆ ಸಾಲದು. ಅದು ನೆಲದಿಂದ ಮೇಲೇಳಬೇಕಷ್ಟೆ! 2000ದಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ತಳಪಾಯ, ಗೋಡೆ, ಛಾವಣಿಗಳೆಂದು ಹಂತಹಂತವಾಗಿ ಲೆಕ್ಕವಿಡುತ್ತದೆ. ಪ್ರತಿ ಹಂತದ ಛಾಯಾಚಿತ್ರವೂ ಅಕ್ಷಾಂಶ ರೇಖಾಂಶಗಳೊಡನೆ ದಾಖಲಾಗಬೇಕು. ಅನಂತರವೇ ಕಂತಿನ ಹಣ.

ಮುಂಡರಗಿ ತಾಲ್ಲೂಕಿನ ಎರೆಭೂಮಿಯಲ್ಲಿ ಈ ಕ್ರಮಕ್ಕೊಂದು ತೊಡಕು. ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಮಣ್ಣಾದುದರಿಂದ ತಳಪಾಯವನ್ನು ಆಳಕ್ಕಿಳಿಸಲೇಬೇಕು. ಹೀಗೆ ನೆಲದೊಳಗೆ ಅಡಗಿದ ಖರ್ಚನ್ನು ಛಾಯಾಚಿತ್ರ ಕಾಣದು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಬಯಲುನಾಡಿನ ಮನೆಗೆ ಗೊತ್ತುಪಡಿಸಿದ ನೆರವು 1.20 ಲಕ್ಷ ರೂಪಾಯಿ; ಮಣ್ಣು ಯಾವುದೆಂದು ಅದು ಕೇಳಲಿಲ್ಲ.

ಹಳೆಯ ಮೇಲ್ಮುದ್ದೆ ಮನೆಯನ್ನು ಕೆಡವಿ ಅಲ್ಲಿಯೇ ಅಡಿಗಲ್ಲಿಟ್ಟ ಕುಟುಂಬಕ್ಕೆ ಕಂತು ತಡವಾದರೆ ಮಳೆಗಾಲದಲ್ಲಿ ತಗಡಿನ ಮರೆಯೇ ಗತಿ. ಪ್ರಗತಿಪಟ್ಟಿಯಲ್ಲಾದರೋ ಅದು ‘ತಳಪಾಯ ಹಂತ’ ಮಾತ್ರ. ಎಂದಿನಿಂದ ಹಾಗೆಯೇ ನಿಂತಿದೆಯೆಂದು ಕೇಳಲು ಗ್ರಾಮಸಭೆಯೇ ತಕ್ಕ ಸ್ಥಳ. ಫಲಾನುಭವಿಗಳ ಆಯ್ಕೆ ನಡೆಯಬೇಕಾದುದೂ ಅಲ್ಲಿಯೇ.