ಜೊಂಡಿನ ನಡುವಿನ ಡ್ಯಾಮ್ಸೆಲ್‌ಫ್ಲೈ: ತಪ್ಪು ಕಲ್ಪನೆ ಮತ್ತು ಸತ್ಯ

ಕೆರೆಯ ಜೊಂಡಿನ ನಡುವೆ, ಗದ್ದೆಬದುವಿನ ಹುಲ್ಲಿನಲ್ಲಿ, ತೋಟದ ಹಳ್ಳದ ಬದಿಯಲ್ಲಿ ಸದ್ದಿಲ್ಲದೆ ಹಾರಾಡುವ ಸಪೂರ ಮೈಯ ಕೀಟ ಡ್ಯಾಮ್ಸೆಲ್‌ಫ್ಲೈ. ಜಗತ್ತಿನಲ್ಲಿ ಇದರ 3,000ಕ್ಕೂ ಹೆಚ್ಚು ಪ್ರಭೇದಗಳಿವೆ. ಇದನ್ನು ಕಾಣದವರಿಲ್ಲ, ಆದರೆ ಇದರ ಬಗ್ಗೆ ನಾವು ನಂಬಿರುವುದರಲ್ಲಿ ತಪ್ಪುಗಳೇ ಹೆಚ್ಚು. ಕೆಲವು ತಪ್ಪುಗಳಿಂದ ಇದರ ಬದುಕಿಗೇ ಕುತ್ತು ಬರುತ್ತಿದೆ.

ತಪ್ಪು ಕಲ್ಪನೆ: ಇದು ಏರೋಪ್ಲೇನ್ ಚಿಟ್ಟೆಯ ಮರಿ.

ಸತ್ಯ: ರೆಕ್ಕೆ ಬಲಿತ ಮೇಲೆ ಇವು ಗಾತ್ರದಲ್ಲಿ ಬೆಳೆಯುವುದಿಲ್ಲ. ಹಾಗಾಗಿ ಹಾರುವ ಮರಿ ಎಂಬುದೇ ಇಲ್ಲ. ಎರಡೂ ಒಡೊನೇಟಾ ಗಣದವು, ಆದರೆ ಕವಲು ಬೇರೆ. ಏರೋಪ್ಲೇನ್ ಚಿಟ್ಟೆ ಕೂತಾಗ ರೆಕ್ಕೆಗಳನ್ನು ಅಗಲಿಸಿಕೊಂಡಿರುತ್ತದೆ. ಡ್ಯಾಮ್ಸೆಲ್‌ಫ್ಲೈ ಸಾಮಾನ್ಯವಾಗಿ ಬೆನ್ನ ಮೇಲೆ ಜೋಡಿಸಿಕೊಳ್ಳುತ್ತದೆ. ಅದರ ಕಣ್ಣುಗಳು ಬಹುಪಾಲು ನೆತ್ತಿಯಲ್ಲಿ ಕೂಡಿರುತ್ತವೆ; ಇದರ ಕಣ್ಣುಗಳು ತಲೆಯ ಎರಡು ಬದಿಗೆ ದೂರ ದೂರ.

ತಪ್ಪು ಕಲ್ಪನೆ: ಬಾಲದ ತುದಿಯಲ್ಲಿ ಕೊಂಡಿ ಇದೆ, ಕುಟುಕುತ್ತದೆ.

ಸತ್ಯ: ಕೊಂಡಿಯೂ ಇಲ್ಲ, ವಿಷವೂ ಇಲ್ಲ. ನಾವು ಬಾಲವೆನ್ನುವುದು ಅದರ ಹೊಟ್ಟೆ. ಗಂಡಿಗೆ ಅದರ ತುದಿಯಲ್ಲಿ ಹೆಣ್ಣನ್ನು ಹಿಡಿದುಕೊಳ್ಳುವ ಚಿಮಟವಿದೆ. ಹೆಣ್ಣಿಗೆ ಗಿಡದ ದಂಟನ್ನು ಸೀಳಿ ಒಳಗೆ ಮೊಟ್ಟೆಯಿಡುವ ಅಂಗವಿದೆ. ಕೆಲವು ಪ್ರಭೇದಗಳ ಹೆಣ್ಣು ದಂಟು ಹಿಡಿದು ನೀರೊಳಗೇ ಇಳಿಯುತ್ತದೆ. ಮೈಗಂಟಿದ ಗಾಳಿಯ ತೆಳುಪದರದಿಂದ ಉಸಿರಾಡುತ್ತ ಮೊಟ್ಟೆಯಿಡುತ್ತದೆ.

ತಪ್ಪು ಕಲ್ಪನೆ: ಎರಡು ದಿನ ಬದುಕಿ ಸಾಯುವ ಹುಳ.

ಸತ್ಯ: ನಮ್ಮ ಕಣ್ಣಿಗೆ ಬೀಳುವುದು ಅದರ ಬಾಳಿನ ಕೊನೆಯ ಭಾಗ ಮಾತ್ರ. ರೆಕ್ಕೆ ಬಂದ ಮೇಲೆ ಸಾಮಾನ್ಯವಾಗಿ ಕೆಲವು ವಾರ ಬದುಕುತ್ತದೆ. ಅದಕ್ಕೂ ಮೊದಲಿನ ಬದುಕೆಲ್ಲ ನೀರೊಳಗೆ, ಮರಿಹುಳುವಾಗಿ. ಪಾಚಿಯ ನಡುವೆ ಅಲುಗಾಡದೆ ಕೂತ ಮರಿಯನ್ನು ಹತ್ತಿರದಿಂದ ನೋಡಿ: ಹಿಂತುದಿಯಲ್ಲಿ ಎಲೆಯಾಕಾರದ ಮೂರು ಕಿವಿರುಗಳು, ತಲೆಯಡಿ ಮಡಚಿಟ್ಟ ಉದ್ದನೆಯ ಕೆಳದುಟಿ, ಅದರ ತುದಿಯಲ್ಲಿ ಕೊಕ್ಕೆಗಳು. ಸೊಳ್ಳೆಮರಿ ಹತ್ತಿರ ಸುಳಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ತುಟಿ ಚಾಚಿ ಹಿಡಿದು ಬಾಯಿಗೆ ಸೇರಿಸುತ್ತದೆ. ಹಲವು ಬಾರಿ ಪೊರೆ ಕಳಚಿ ಬೆಳೆದ ಮರಿ ಕೊನೆಗೆ ದಂಟು ಹತ್ತಿ ನೀರಿನಿಂದ ಹೊರಬರುತ್ತದೆ. ಬೆನ್ನು ಬಿರಿಯುತ್ತದೆ, ರೆಕ್ಕೆಯ ಕೀಟ ಹೊರಬರುತ್ತದೆ. ಚಿಟ್ಟೆಗಿರುವಂಥ ಕೋಶಾವಸ್ಥೆ ಇದಕ್ಕಿಲ್ಲ.

ತಪ್ಪು ಕಲ್ಪನೆ: ಅಂಟಿಕೊಂಡು ಹಾರುವ ಜೋಡಿ ಜಗಳವಾಡುತ್ತಿರುತ್ತದೆ.

ಸತ್ಯ: ಮುಂದಿರುವುದು ಗಂಡು, ಅದು ಹಿಡಿದಿರುವುದು ಹೆಣ್ಣಿನ ತಲೆಯ ಹಿಂದೆಯೇ ಇರುವ ಎದೆಯ ಮುಂಭಾಗವನ್ನು. ಮಿಲನ ಮುಗಿದ ಮೇಲೂ ಬಿಡದಿರುವುದಕ್ಕೆ ಕಾರಣವಿದೆ. ಮಿಲನದ ವೇಳೆ ಗಂಡು ತನಗಿಂತ ಮೊದಲು ಕೂಡಿದ ಗಂಡಿನ ವೀರ್ಯವನ್ನು ಹೊರತೆಗೆಯುತ್ತದೆ ಎಂದು 1979ರಲ್ಲಿ ಅಮೆರಿಕದ ವಿಜ್ಞಾನಿ ಜೊನಾಥನ್ ವಾಗೆ ತೋರಿಸಿಕೊಟ್ಟರು. ತಾನು ಮಾಡಿದ್ದನ್ನೇ ಇನ್ನೊಂದು ಗಂಡು ಮಾಡಬಾರದಲ್ಲ! ಅದಕ್ಕೇ ಎಷ್ಟೋ ಪ್ರಭೇದಗಳಲ್ಲಿ ಮೊಟ್ಟೆಯಿಟ್ಟು ಮುಗಿಯುವವರೆಗೂ ಈ ಕಾವಲು.

ತಪ್ಪು ಕಲ್ಪನೆ: ಡ್ಯಾಮ್ಸೆಲ್‌ಫ್ಲೈ ಕಂಡರೆ ನೀರು ಶುದ್ಧವೆಂದೇ ಅರ್ಥ.

ಸತ್ಯ: ಯಾವ ಪ್ರಭೇದ ಎಂಬುದನ್ನು ನೋಡಬೇಕು. ಸೆನೆಗಲ್ ಗೋಲ್ಡನ್ ಡಾರ್ಟ್‌ಲೆಟ್ ಕೊಳಕು ನೀರನ್ನೂ ಸಹಿಸಿಕೊಳ್ಳುತ್ತದೆ. ಹಸಿರು ಲೋಹದಂತೆ ಹೊಳೆಯುವ ರೆಕ್ಕೆಯ ಸ್ಟ್ರೀಮ್ ಗ್ಲೋರಿಗೆ ಹರಿಯುವ ತಿಳಿನೀರೇ ಬೇಕು. ಪಶ್ಚಿಮ ಘಟ್ಟದ ಮಿರಿಸ್ಟಿಕಾ ಬ್ಯಾಂಬೂಟೇಲ್ ಹೆಸರು ಪಡೆದದ್ದೇ ರಾಮಪತ್ರೆ ಜಡ್ಡಿಗಳಿಂದ. ಅಂಥ ನೆರಳಿನ ಜೌಗು ಬತ್ತಿದರೆ ಅದರ ನೆಲೆ ಕುಗ್ಗುತ್ತದೆ.

ತಪ್ಪು ಕಲ್ಪನೆ: ಜೊಂಡು ಕಿತ್ತು, ದಡಕ್ಕೆ ಕಲ್ಲು ಕಟ್ಟಿ, ಗಂಬೂಸಿಯಾ ಮೀನು ಬಿಟ್ಟರೆ ಕೆರೆ ಸ್ವಚ್ಛ, ಸೊಳ್ಳೆಯೂ ಮಾಯ.

ಸತ್ಯ: ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ ಇದು. ಮೊಟ್ಟೆಯಿಡಲು ದಂಟು ಬೇಕು, ಮರಿ ಅಡಗಲು ನೀರುಗಿಡ ಬೇಕು, ನೀರಿನಿಂದ ಹತ್ತಿ ಬಂದು ಪೊರೆ ಕಳಚಲು ಮತ್ತೆ ದಂಟೇ ಬೇಕು. ನೇರ ಕಲ್ಲುಗೋಡೆಯ ದಡದಲ್ಲಿ ಇದ್ಯಾವುದೂ ಸಿಗದು. ಸೊಳ್ಳೆಮರಿ ತಿನ್ನಲೆಂದು ಬಿಟ್ಟ ಹೊರದೇಶದ ಗಂಬೂಸಿಯಾ ಡ್ಯಾಮ್ಸೆಲ್‌ಫ್ಲೈ ಮರಿಗಳನ್ನೂ ತಿನ್ನುತ್ತದೆ. ಹವಾಯಿ ದ್ವೀಪಗಳಲ್ಲಿ ಇಂಥ ಮೀನುಗಳನ್ನು ಬಿಟ್ಟಿದ್ದರಿಂದ ಅಲ್ಲಿನ ಸ್ಥಳೀಯ ಡ್ಯಾಮ್ಸೆಲ್‌ಫ್ಲೈಗಳು ಎಷ್ಟೋ ಕಡೆ ಕಾಣೆಯಾದವು. ಸೊಳ್ಳೆಯನ್ನು ಕಳೆಯಲು ಹೋಗಿ ಸೊಳ್ಳೆಮರಿ ತಿನ್ನುವವನ್ನೇ ಕಳೆದುಕೊಂಡಂತಾಯಿತು.

ಊರ ಕೆರೆಯ ಹೂಳೆತ್ತುವ ಮಾತು ಬಂದಾಗ ಪಂಚಾಯ್ತಿಯಲ್ಲಿ ಒಂದು ಮಾತು ಹೇಳಿ: ಏರಿ ಗಟ್ಟಿಯಾಗಲಿ, ತೂಬು ಸರಿಯಾಗಲಿ, ಆದರೆ ನೀರು ಒಳಬರುವ ಕಡೆಯ ಇಳಿಜಾರು ದಡವನ್ನೂ ಅಲ್ಲಿನ ಜೊಂಡನ್ನೂ ಹಾಗೇ ಬಿಡಲಿ. ಅಷ್ಟು ಬಿಟ್ಟರೆ ಡ್ಯಾಮ್ಸೆಲ್‌ಫ್ಲೈಗಳು ತಾವೇ ಬಂದು ನೆಲೆಸುತ್ತವೆ.