ನಾಲ್ಕು ಗಂಟೆಯ ಗಡುವು ಎಲ್ಲಿಂದ ಬಂತು?

ದಾನಿಯ ಎದೆಯಿಂದ ಹೊರತೆಗೆದ ಹೃದಯಕ್ಕೆ ವೈದ್ಯರು ಕೊಡುವ ಗಡುವು ಸುಮಾರು ನಾಲ್ಕು ಗಂಟೆ. 2014ರ ಸೆಪ್ಟೆಂಬರ್‌ನಲ್ಲಿ ಹೃದಯವೊಂದನ್ನು ಬೆಂಗಳೂರಿನಿಂದ ಚೆನ್ನೈಗೆ ಸಾಗಿಸಲು ರಸ್ತೆ ತೆರವು ಮಾಡಿಸಿದ್ದು ಈ ಗಡುವೇ. ಆದರೆ ಇದು ಪ್ರಕೃತಿ ಹಾಕಿದ ಕಟ್ಟಳೆಯಲ್ಲ, ಹೃದಯವನ್ನಿಟ್ಟು ಸಾಗಿಸುವ ಐಸ್ ಪೆಟ್ಟಿಗೆಯ ಮಿತಿ. ನಾವು ಅದನ್ನು ಹೃದಯದ ಮಿತಿಯೆಂದೇ ನಂಬಿ ಕೂತಿದ್ದೇವೆ.

1960ರಲ್ಲಿ ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಲೋವರ್ ಮತ್ತು ನಾರ್ಮನ್ ಶಮ್ವೇ ನಾಯಿಯ ಹೃದಯ ಕಸಿಯ ಪ್ರಯೋಗಗಳನ್ನು ಪ್ರಕಟಿಸಿದರು. ಹೃದಯವನ್ನು ಅವರು ಇಟ್ಟಿದ್ದು 4 ಡಿಗ್ರಿಯ ಉಪ್ಪುನೀರಿನಲ್ಲಿ, ಅಷ್ಟೇ. ತಾಪ 10 ಡಿಗ್ರಿ ಇಳಿದರೆ ಜೀವಕೋಶದ ಹಸಿವು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. 4 ಡಿಗ್ರಿಯಲ್ಲಿ ಹತ್ತರಲ್ಲೊಂದು ಪಾಲು ಉಳಿದೀತು. ತೊಡಕೆಂದರೆ, ಕೋಶದೊಳಗಿನ ಸೋಡಿಯಂ ಅನ್ನು ಸದಾ ಹೊರಹಾಕುವ ಪಂಪನ್ನೂ ಚಳಿ ನಿಲ್ಲಿಸಿಬಿಡುತ್ತದೆ. ಸೋಡಿಯಂ ಒಳನುಗ್ಗಿದರೆ ಹಿಂದೆಯೇ ನೀರು, ಕೋಶ ಊದಿಕೊಳ್ಳುತ್ತದೆ. ಮುಂದೆ ಬಂದ ದ್ರಾವಣಗಳೆಲ್ಲ ಬಹುಮಟ್ಟಿಗೆ ಚಳಿಯೇ ಮಾಡುವ ಈ ಹಾನಿಗೆ ಹುಡುಕಿದ ಮದ್ದು. 1969ರಲ್ಲಿ ಕಾಲಿನ್ಸ್ ಮೂತ್ರಪಿಂಡಕ್ಕಾಗಿ ಕೋಶದ ಒಳಗಿರುವಂತೆಯೇ ಪೊಟ್ಯಾಸಿಯಂ ಹೆಚ್ಚಿರುವ ದ್ರಾವಣ ತಯಾರಿಸಿದರು. 1980ರ ದಶಕದಲ್ಲಿ ವಿಸ್ಕಾನ್ಸಿನ್‌ನ ಬೆಲ್ಜರ್ ಮತ್ತು ಸೌತರ್ಡ್ ಅದಕ್ಕೆ ಲ್ಯಾಕ್ಟೊಬಯೊನೇಟ್, ರಾಫಿನೋಸ್‌ನಂಥ ದೊಡ್ಡ ಅಣುಗಳನ್ನು ಬೆರೆಸಿದರು. ಇವು ಕೋಶದೊಳಗೆ ನುಸುಳಲಾರದೆ ನೀರನ್ನು ಹೊರಗೇ ಹಿಡಿದಿಡುತ್ತವೆ. ಜರ್ಮನಿಯ ಬ್ರೆಟ್‌ಷ್ನೈಡರ್ ಹಿಡಿದದ್ದು ತದ್ವಿರುದ್ಧ ದಾರಿ: ಸೋಡಿಯಂ, ಪೊಟ್ಯಾಸಿಯಂ ಎರಡೂ ಕಡಿಮೆ, ಶೇಖರವಾಗುವ ಆಮ್ಲವನ್ನು ತಾಳಿಕೊಳ್ಳಲು ಹಿಸ್ಟಿಡಿನ್. ವಿರುದ್ಧ ಗುಣದ ಈ ಎರಡೂ ದ್ರಾವಣಗಳು ಇಂದಿಗೂ ಆಸ್ಪತ್ರೆಗಳಲ್ಲಿವೆ. ಒಂದಕ್ಕೆ ಇನ್ನೊಂದನ್ನು ಹೊರದಬ್ಬಲಾಗಿಲ್ಲವೆಂದರೆ ಪಾಕ ತಿದ್ದುವುದರಿಂದ ಸಿಗಬೇಕಾದ ಲಾಭ ಬಹುಪಾಲು ಸಿಕ್ಕಿಯಾಗಿದೆ ಎಂದೇ ನನ್ನ ಎಣಿಕೆ.

ಹಾಗಾದರೆ ಐಸನ್ನು ಬಿಟ್ಟು ಯಂತ್ರಕ್ಕೆ ಹೋಗಬಾರದೇ? ಬೆಚ್ಚಗಿನ ರಕ್ತ ಹರಿಸಿ ಹೃದಯವನ್ನು ಹೊರಗೂ ಮಿಡಿಯುವಂತೆ ಇಡುವ ಯಂತ್ರವಿದೆ. ಸಾಮಾನ್ಯ ದಾನಿಗಳ ಹೃದಯದ ಮಟ್ಟಿಗೆ ಅದು ಐಸ್ ಪೆಟ್ಟಿಗೆಗಿಂತ ಕಳಪೆಯಲ್ಲ ಎಂದಷ್ಟೇ 2015ರ ಪ್ರಯೋಗ ತೋರಿಸಿತು; ಅಷ್ಟಕ್ಕೇ ಅಷ್ಟು ದುಡ್ಡು ಸುರಿಯಬೇಕೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ 2014ರಲ್ಲಿ ಸಿಡ್ನಿಯ ವೈದ್ಯರು ದಾನಿಯ ದೇಹದಲ್ಲೇ ಬಡಿತ ನಿಂತಿದ್ದ ಹೃದಯವನ್ನು ಇಂಥ ಯಂತ್ರದಲ್ಲಿ ಮಿಡಿಸಿ, ಪರೀಕ್ಷಿಸಿ ಕಸಿ ಮಾಡಿದ್ದರು. ಐಸ್ ಪೆಟ್ಟಿಗೆಯಲ್ಲಿ ಆ ಪರೀಕ್ಷೆಗೆ ಅವಕಾಶವೇ ಇಲ್ಲ. ಸ್ವೀಡನ್ನಿನ ಸ್ಟಿಗ್ ಸ್ಟೀನ್ ಅವರದು ನಡುವಿನ ದಾರಿ: ನಿಂತ ಹೃದಯ, 8 ಡಿಗ್ರಿ, ಆಮ್ಲಜನಕ ತುಂಬಿದ ದ್ರವದ ಸತತ ಹರಿವು. 2024ರಲ್ಲಿ ಪ್ರಕಟವಾದ ಯುರೋಪಿನ ಪ್ರಯೋಗದಲ್ಲಿ ಈ ವಿಧಾನದಿಂದ ಕಸಿಯ ನಂತರದ ಗಂಭೀರ ತೊಡಕುಗಳ ಅಪಾಯ ಐಸ್ ಪೆಟ್ಟಿಗೆಗಿಂತ ಶೇ 44ರಷ್ಟು ತಗ್ಗಿದಂತೆ ಕಂಡಿತು, ಆದರೂ ಸಂಖ್ಯಾಶಾಸ್ತ್ರ ಕೇಳುವ ಖಚಿತತೆಗೆ ಕೂದಲೆಳೆಯಷ್ಟು ಕಡಿಮೆಬಿತ್ತು. ಎಲ್ಲ ಆಸ್ಪತ್ರೆಗಳೂ ಇದನ್ನೇ ಕೊಳ್ಳಲಿ ಎನ್ನಲು ಇಷ್ಟು ಸಾಲದು. ಐಸ್ ನೇರ ತಗುಲಿ ಸ್ನಾಯು ಮರಗಟ್ಟದಂತೆ 4ರಿಂದ 8 ಡಿಗ್ರಿಯಲ್ಲೇ ತಾಪ ಕಾಯುವ ಪೆಟ್ಟಿಗೆಗಳು ಈಗಾಗಲೇ ಬಳಕೆಯಲ್ಲಿವೆ. ಕೈಯಲ್ಲಿ ಹಣ ಕಡಿಮೆ ಇರುವವರು ಮೊದಲು ಕೊಳ್ಳಬೇಕಾದದ್ದು ಅದನ್ನು.